ಪುಸ್ತಕದಲ್ಲಿಲ್ಲದ ಚಿಕ್ಕಪ್ಪ

ನಿಶ್ಮಿತಾಳಿಗೆ ನಮ್ಮನ್ನು ಕಂಡರೆ ತಾತ್ಸಾರ. ಅದನ್ನವಳು ಮುಚ್ಚಿಡುತ್ತಲೂ ಇರಲಿಲ್ಲ. ಮೂರು ವರ್ಷ ಅವಳ ಪಕ್ಕದಲ್ಲಿ ಕೂತು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮುಗಿಸಿದವಳು ನಾನು. ಆ ತಾತ್ಸಾರಕ್ಕೆ ನಾವೆಲ್ಲ ತಕ್ಕವರೇ ಆಗಿದ್ದೆವು ಎಂದು ಒಪ್ಪಿಕೊಳ್ಳಲು ಈಗ ನನಗೆ ಸಂಕೋಚವಿಲ್ಲ.

ನಾವು ಸೇರಿದ್ದು 2007ರ ಜೂನ್‌ನಲ್ಲಿ. ವಿಠ್ಠಲವಾಡಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಕಾಲೇಜು. ಹೆಸರು ಬೇಡ, ಅದು ಈಗಲೂ ನಡೆಯುತ್ತಿದೆ. ಒಳ್ಳೆಯ ಅಂಕ ಬಂದವರು ಮುಂಬಯಿಯ ಕಡೆಗೆ ರೈಲು ಹತ್ತುತ್ತಿದ್ದರು. ನಮ್ಮಂಥವರು ಉಲ್ಟಾ ದಿಕ್ಕಿನ ಖಾಲಿ ರೈಲಿನಲ್ಲಿ ಆರಾಮಾಗಿ ಕೂತು ಕಲ್ಯಾಣ ದಾಟಿ ಹೋಗುತ್ತಿದ್ದೆವು. ಕಾಮರ್ಸಿನಲ್ಲಿ ಸೀಟು ಸಿಗದವರಿಗೆ ಆರ್ಟ್ಸ್, ಆರ್ಟ್ಸಿನಲ್ಲೂ ತುಸು ಠೀವಿ ಬೇಕಾದವರಿಗೆ ಇಂಗ್ಲಿಷ್ ಸಾಹಿತ್ಯ. ನಾನು ಠಾಣೆಯ ಕಾನ್ವೆಂಟಿನಲ್ಲಿ ಓದಿದವಳು. ಅಪ್ಪ ಬೆಂಗಳೂರಿನಿಂದ ವರ್ಗವಾಗಿ ಬಂದ ವಿಮಾ ಕಂಪನಿಯ ಅಧಿಕಾರಿ. ಮನೆಗೆ ಬಂದವರಿಗೆ ಅಮ್ಮ "ನಮ್ಮ ಶ್ರೀವಿದ್ಯಾ ಲಿಟರೇಚರ್ ಮಾಡ್ತಿದಾಳೆ" ಎನ್ನುವಾಗ, ನಾನು ವೀಣೆ ಕಲಿಯುತ್ತಿದ್ದೇನೋ ಎಂಬಂಥ ಹೆಮ್ಮೆ ಅವಳ ದನಿಯಲ್ಲಿರುತ್ತಿತ್ತು. ಆ ಹೊತ್ತಿಗೆ ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ ಇಂಗ್ಲಿಷ್ ಪುಸ್ತಕ ಒಂದೂ ಇರಲಿಲ್ಲ.

ನಿಶ್ಮಿತಾ ಡೊಂಬಿವಲಿಯವಳು. ಅವಳಪ್ಪ ಚೆನ್ನಯ ಕಾರ್ಕಳದ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಬಂದು, ಲೋಟ ತೊಳೆದು, ಆರ್ಡರ್ ತೆಗೆದು, ಕೊನೆಗೆ ಸ್ಟೇಷನ್ ಪಕ್ಕದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರಾಗಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತವರು. ಅವಳು ಹತ್ತನೆಯ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಕಲಿತದ್ದು ಹೋಟೆಲಿನ ಹಿಂದಿನ ರದ್ದಿ ಅಂಗಡಿಯಲ್ಲಿ. ಹಳೆಯ ಪೇಪರು, ಪುಸ್ತಕ ಕೆ.ಜಿ. ಲೆಕ್ಕದಲ್ಲಿ ಬಂದು ಬೀಳುವ ಆ ಜಾಗದಲ್ಲಿ ಡಿಕ್ಷನರಿ ಹಿಡಿದು ಕೂತು. ಹಾಗಾಗಿ ಅವಳಿಗೆ ಶಬ್ದಗಳು ಕಣ್ಣಿಗೆ ಗೊತ್ತಿದ್ದವು, ಕಿವಿಗೆ ಗೊತ್ತಿರಲಿಲ್ಲ. 'ಐಲ್ಯಾಂಡ್' ಎನ್ನುವಲ್ಲಿ 'ಇಸ್ಲ್ಯಾಂಡ್' ಎಂದಳು, ಮೊದಲನೆಯ ವಾರವೇ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು: "ಉಚ್ಚಾರ ನಿನ್ನದು ಸರಿ ಉಂಟು. ಆ ಶಬ್ದ ಯಾವ ಪುಸ್ತಕದಲ್ಲಿ ಓದಿದ್ದು ನೀನು?"

ಅಂದಿನಿಂದ ನಾನು ಅವಳ ಪಕ್ಕದಲ್ಲೇ ಕೂರತೊಡಗಿದೆ. ಯಾಕೆಂದು ಈಗಲೂ ಸ್ಪಷ್ಟವಿಲ್ಲ. ಬೈಸಿಕೊಳ್ಳುವುದರಲ್ಲೂ ಒಂದು ಚಟವಿರುತ್ತದೆ.

ಬೆಂಚಿನ ಮೂರನೆಯವಳು ಮುಕ್ತಾ. ದಿವಾದ ಒಂದು ಸಾಲುಮನೆಯ ಚಾಳಿನವಳು. ಅವಳಪ್ಪ ಇಂಡಿ ತಾಲೂಕಿನಿಂದ ಬಂದ, ಗೋಡೆ ಕಟ್ಟುವ ಗೌಂಡಿ ಮೇಸ್ತ್ರಿ. ಇಂಗ್ಲಿಷಿನಲ್ಲಿ ಬಿ.ಎ. ಆದರೆ ಬಿ.ಎಡ್. ಮಾಡಿ ಶಾಲೆಯಲ್ಲಿ ಟೀಚರಾಗಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ ಬಂದಿದ್ದಳು. ಕ್ಲಾಸಿನಲ್ಲಿ ಗುರಿ ಇಟ್ಟುಕೊಂಡು ಬಂದವಳು ಅವಳೊಬ್ಬಳೇ. ನೀರಿನ ಸರದಿಯಲ್ಲಿ ಕೊಡ ಇಟ್ಟು ನಿಂತಾಗ ನೋಟ್ಸ್ ಬಾಯಿಪಾಠ ಮಾಡುತ್ತಿದ್ದಳು, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ. ನಾವು ಮೂವರೂ ಮೂರು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಉಳಿದವರಿಗೆ ಮೂರೂ ಒಂದೇ ಥರ ಅರ್ಥವಾಗುತ್ತಿರಲಿಲ್ಲ, ಅದೊಂದು ಅನುಕೂಲ.

ನಮಗೆ ಕಾದಂಬರಿ ಪಾಠ ಮಾಡುತ್ತಿದ್ದವರು ಮುರಾರಿ ಸರ್, ವಿಭಾಗದ ಮುಖ್ಯಸ್ಥರು, ಧಾರವಾಡದ ಕಡೆಯವರು. ಪಾಠ ಮಾಡುತ್ತಿದ್ದರು ಎಂಬ ಮಾತನ್ನು ಸೌಜನ್ಯಕ್ಕೆ ಬಳಸಿದ್ದೇನೆ. ಅವರಲ್ಲಿ ಕಂದು ಬಣ್ಣದ ರಟ್ಟು ಹಾಕಿದ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ಅದನ್ನು ತೆರೆದು ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. "ಕಾಮಾ. ಫುಲ್‌ಸ್ಟಾಪ್. ನೆಕ್ಸ್ಟ್ ಪ್ಯಾರಾ." ಗಂಟೆ ಹೊಡೆದಾಗ ಯಾವ ಶಬ್ದದಲ್ಲಿದ್ದರೋ ಅದಕ್ಕೆ ಪೆನ್ಸಿಲಿನ ಗೀಟು ಹಾಕಿ ಎದ್ದು ಹೋಗುವರು. ಮರುದಿನ ಹಾಜರಿ ಕರೆದು, ನಿಲ್ಲಿಸಿದ ವಾಕ್ಯದ ಉಳಿದರ್ಧದಿಂದ ಶುರುಮಾಡುವರು. "ಆದ್ದರಿಂದ" ಎಂಬ ಶಬ್ದದಿಂದ ಆರಂಭವಾದ ಬೆಳಗುಗಳು ನಮಗೆ ಎಷ್ಟೋ. ಯಾತರಿಂದ ಎಂದು ಯಾರೂ ಕೇಳುತ್ತಿರಲಿಲ್ಲ.

ಎರಡನೆಯ ವರ್ಷದ ಸಿಲಬಸ್ಸಿನಲ್ಲಿ ಒಂದು ಹಳೆಯ ಕಾದಂಬರಿ ಇತ್ತು: ಬಂದರಿನ ಊರು, ದೀಪಸ್ತಂಭ ಕಾಯುವವನ ವಿಧವೆ, ಅವಳನ್ನು ಊರಿನವರು ಹಿಂಸಿಸುವುದು. ಸರ್ ನೋಟ್ಸಿನ ಪ್ರಕಾರ ಕೊನೆಯಲ್ಲಿ ಅವಳು ಸಮುದ್ರಕ್ಕೆ ಬಿದ್ದು ಸಾಯುತ್ತಾಳೆ. ಆ ಸಾವಿನ ಮೇಲೆ ಒಂದೂವರೆ ಪುಟದ ಪ್ಯಾರಾ ಇತ್ತು, ವಿಧಿಯ ಕ್ರೌರ್ಯ, ಸಮಾಜದ ಕಟುಕತನ ಇತ್ಯಾದಿ. ಇಪ್ಪತ್ತು ವರ್ಷಗಳಲ್ಲಿ ಬಂದ ವಿದ್ಯಾರ್ಥಿಗಳೆಲ್ಲ ಅದನ್ನು ಉರುಹೊಡೆದು ಪಾಸಾಗಿ ಹೋಗಿದ್ದರು.

ನಿಶ್ಮಿತಾ ಆ ಕಾದಂಬರಿಯನ್ನು ರದ್ದಿ ಅಂಗಡಿಯಲ್ಲಿ ಹಿಡಿದಳು. ಓದಿದಳು. ಆಮೇಲೆ ಲೈಬ್ರರಿಯ ಬೀಗ ಹಾಕಿದ ಕಪಾಟಿನಿಂದ ಕಾಲೇಜಿನ ಪ್ರತಿಯನ್ನೂ ತೆಗೆಸಿ ನೋಡಿದಳು. ಕಾಲೇಜಿನ ಪ್ರತಿಯಲ್ಲಿ ಕೊನೆಯ ಮೂವತ್ತು ಪುಟ ಇರಲಿಲ್ಲ. ವಿಧವೆ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿರುವಲ್ಲಿಗೆ ಅದು ಹರಿದು ಹೋಗಿತ್ತು. ಮುಂದೆ ಏನಾಗಿರಬಹುದೆಂದು ಮುರಾರಿ ಸರ್ ತಾವೇ ಊಹಿಸಿ ಅವಳನ್ನು ಮುಳುಗಿಸಿಬಿಟ್ಟಿದ್ದರು.

ಮರುದಿನ ನಿಶ್ಮಿತಾ ಕ್ಲಾಸಿನಲ್ಲಿ ಎದ್ದು ನಿಂತಳು. ಮಾತು ನಡೆದದ್ದು ಇಂಗ್ಲಿಷಿನಲ್ಲಿ.

"ಸರ್, ಅವಳು ಸಾಯುವುದಿಲ್ಲ."

ಸರ್ ರಿಜಿಸ್ಟರಿನಿಂದ ತಲೆ ಎತ್ತಿದರು. "ಯಾವ ಗೈಡಿನಲ್ಲಿ ಹಾಗಿದೆ?"

"ಗೈಡಿನಲ್ಲಲ್ಲ ಸರ್. ಪುಸ್ತಕದಲ್ಲಿ. ನೀರಿನಿಂದ ಆಚೆ ಬಂದು ಹಡಗು ಹತ್ತುತ್ತಾಳೆ. ಬೇರೆ ಊರಲ್ಲಿ ಬ್ರೆಡ್ಡಿನ ಅಂಗಡಿ ಇಡುತ್ತಾಳೆ. ಎಪ್ಪತ್ತು ವರ್ಷ ಬದುಕುತ್ತಾಳೆ."

ಕ್ಲಾಸಿನಲ್ಲಿ ನಗು. ಬ್ರೆಡ್ಡಿನ ಅಂಗಡಿ ಎಂಬುದು ಯಾರಿಗೂ ಸಾಹಿತ್ಯ ಅನ್ನಿಸಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಪರೀಕ್ಷೆಯಲ್ಲಿ ಸಾಯುತ್ತಾಳೆ," ಎಂದರು. "ಕೂತುಕೋ."

ಮಾರ್ಚಿನ ಪರೀಕ್ಷೆಯಲ್ಲಿ ಪ್ರಶ್ನೆ ಬಂದದ್ದೇ ಅದು: ನಾಯಕಿಯ ಸಾವಿನ ಮಹತ್ವವನ್ನು ವಿವರಿಸಿ. ಎರಡನೆಯ ವರ್ಷದ ಪರೀಕ್ಷೆ ಕಾಲೇಜಿನದೇ, ಉತ್ತರ ಪತ್ರಿಕೆ ನೋಡುವವರೂ ಸರ್ ಅವರೇ. ನಿಶ್ಮಿತಾ ಪ್ರಶ್ನೆಯೇ ತಪ್ಪು ಎಂದು ಆರು ಪುಟ ಬರೆದಳು. ಅವಳಿಗೆ ಇಪ್ಪತ್ನಾಲ್ಕು ಅಂಕ, ಫೇಲು. ನಾನು ವಿಧವೆಯನ್ನು ವಿಧಿಯ ಕ್ರೌರ್ಯ ಸಹಿತ ಮುಳುಗಿಸಿದೆ. ನನಗೆ ಅರವತ್ತೊಂದು. ಕ್ಲಾಸಿಗೆ ಮೊದಲನೆಯವಳೆಂದು ಒಂದು ಪೆನ್ ಸೆಟ್ ಬಹುಮಾನ.

ವಿಷಯ ತಿಳಿದು ಚೆನ್ನಯನವರು ಹೋಟೆಲಿಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಡಬ್ಬಿ ಮೈಸೂರುಪಾಕು ಹಿಡಿದುಕೊಂಡು ಕಾಲೇಜಿಗೆ ಬಂದರು. ಸ್ಟಾಫ್ ರೂಮಿನಲ್ಲಿ ಸರ್ ಒಬ್ಬರೇ ಇದ್ದರು. ನಾನೂ ನಿಶ್ಮಿತಾಳೂ ಬಾಗಿಲ ಹೊರಗೆ ನಿಂತಿದ್ದೆವು. ಸರ್ ಅವರಿಗೆ ಕೂರಲು ಹೇಳಲಿಲ್ಲ.

"ಬರ್ರೀ ಶೆಟ್ರ," ಎಂದರು. ಮುಂಬಯಿಯ ಕಡೆ ಹೋಟೆಲಿನವರೆಲ್ಲ ಶೆಟ್ಟರೇ. ಚೆನ್ನಯನವರು ಶೆಟ್ಟರಲ್ಲ, ತಿದ್ದಲೂ ಇಲ್ಲ. "ನಿಮ್ಮ ಮಗಳಿಗೆ ಭಾಳ ಸೊಕ್ಕದ ನೋಡ್ರಿ. ಎರಡಕ್ಷರ ಓದಿದ ಕೂಡಲೇ ಮಾಸ್ತರಗ ಕಲಸಾಕ ಬರ್ತಾಳ."

"ಸಣ್ಣ ಪ್ರಾಯ ಸರ್, ಕ್ಷಮಿಸಬೇಕು," ಎಂದು ಚೆನ್ನಯನವರು ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ನನಗೆ ಇದೆಲ್ಲ ತಿಳಿಯುದಿಲ್ಲ. ಒಂದೇ ಕೇಳ್ತೇನೆ. ಪುಸ್ತಕದಲ್ಲಿ ಎಂತ ಉಂಟು ಸರ್? ಆ ಹೆಂಗಸು ಸಾಯ್ತದಾ, ಇಲ್ವಾ?"

"ಪುಸ್ತಕ ಬ್ಯಾರೆ, ಸಿಲಬಸ್ ಬ್ಯಾರೆ. ಅದು ನಿಮಗ ತಿಳಿಯೂದಿಲ್ಲ."

ಚೆನ್ನಯನವರು ಡಬ್ಬಿಯ ಮೇಲೆ ಕೈಯಿಟ್ಟರು. "ನಮ್ಮ ಹೋಟೆಲಲ್ಲಿ ಮೆನುವಿನಲ್ಲಿದ್ದದ್ದು ಒಳಗೆ ಇಲ್ಲದಿದ್ರೆ ಇಲ್ಲ ಅಂತ ಹೇಳ್ತೇವೆ ಸರ್. ಬೇರೆ ಎಂತದೋ ತಂದಿಟ್ಟು ಇದೇ ಅದು ಅಂತ ಹೇಳುದಿಲ್ಲ." ಹಾಗೆಂದು ಮೈಸೂರುಪಾಕಿನ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ಹೊರಬಂದರು. ವಿಠ್ಠಲವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅವರೂ ನಾವಿಬ್ಬರೂ ಅದನ್ನು ತಿಂದೆವು. ನನ್ನ ಮೂರು ವರ್ಷಗಳ ಪದವಿಯಲ್ಲಿ ನಾನು ಕೇಳಿದ ಒಳ್ಳೆಯ ಪಾಠ ಅದೊಂದೇ.

ಒಂದು ವಿಷಯ ಉಳಿಸಿಕೊಂಡೇ ಮೂರನೆಯ ವರ್ಷಕ್ಕೆ ಹೋಗಲು ಅವಕಾಶವಿದೆ, ಎಟಿಕೆಟಿ ಎನ್ನುತ್ತಾರೆ. ಹಾಗೆ ಅವಳೂ ನಮ್ಮ ಜೊತೆ ಬಂದಳು. ಆ ಪೇಪರನ್ನು ಅಕ್ಟೋಬರಿನಲ್ಲಿ ಮತ್ತೆ ಬರೆಯಬೇಕಿತ್ತು. ಅಷ್ಟರಲ್ಲಿ, ಆಗಸ್ಟಿನ ಒಂದು ಮಧ್ಯಾಹ್ನ, ಮುರಾರಿ ಸರ್ ಅವಳನ್ನು ಕರೆಸಿದರು. ಅಲ್ಲಿ ನಡೆದದ್ದನ್ನು ಅವಳು ರೈಲಿನಲ್ಲಿ ಸರ್ ದನಿಯಲ್ಲೇ ನನಗೆ ಮಾಡಿ ತೋರಿಸಿದಳು.

"ಸಿಲಬಸ್ ಬದಲಾಗ್ಯದ. ಹೊಸಾ ಕಾದಂಬರಿ ಒಂದು ಹಾಕ್ಯಾರ. ಇದರ ಗೈಡ ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ. ನೀ ಹ್ಯಾಂಗೂ ಓದತೀದಿ. ಓದಿ ಒಂದು ನಲವತ್ತು ಪುಟ ನೋಟ್ಸ ಮಾಡಿಕೊಡು. ಅಕ್ಟೋಬರದ ಪೇಪರ ನಾನೇ ನೋಡಾವ, ನೆನಪಿರ್ಲಿ."

"ನೀನೆಂತ ಹೇಳಿದ್ದು?" ಎಂದೆ. ಅವಳ ಜೊತೆಗಿದ್ದು ನನ್ನ ಮಾತೂ ಕೆಡುತ್ತಿತ್ತು.

"ಆಯ್ತು ಸರ್ ಅಂದೆ."

ನಾನು ನಿರಾಶಳಾದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವೂ ಆಯಿತು. ಇವಳೂ ನಮ್ಮ ಹಾಗೆಯೇ ಎಂದು.

ಕಾದಂಬರಿ ಒಂದು ಗಿರಣಿ ಊರಿನ ಮೂವರು ಅಕ್ಕತಂಗಿಯರದು. ಅವಳು ಮೂರು ಸಲ ಓದಿ ನಲವತ್ತೆರಡು ಪುಟ ಬರೆದಳು. ಅಷ್ಟು ಚೊಕ್ಕ ನೋಟ್ಸನ್ನು ನಾನು ಆಮೇಲೆಯೂ ಕಂಡಿಲ್ಲ. ಆದರೆ ಹತ್ತೊಂಬತ್ತನೆಯ ಪುಟದಲ್ಲಿ ಆ ಅಕ್ಕತಂಗಿಯರಿಗೆ ಒಬ್ಬ ಚಿಕ್ಕಪ್ಪನಿದ್ದ. ಅಂಕಲ್ ಹ್ಯೂಬರ್ಟ್. ಒಂದು ಕಾಲು ಕುಂಟು, ಕೊಡೆ ರಿಪೇರಿ ಮಾಡುವವನು, ಮನೆಯವರೆಲ್ಲ ತಪ್ಪುಮಾಡಿದಾಗ ಬಂದು ಬುದ್ಧಿ ಹೇಳುವವನು. ಪುಸ್ತಕದಲ್ಲಿ ಅಂಥವನು ಇರಲೇ ಇಲ್ಲ.

"ಒಂದು ಸಲ ಪುಸ್ತಕ ತೆರೆದ್ರೆ ಸಾಕು, ಸಿಕ್ಕಿಬೀಳ್ತದೆ," ಎಂದಳು. "ಸರ್ ತೆರೆಯಲಿ. ಇಲ್ಲದಿದ್ರೆ ಕ್ಲಾಸಲ್ಲಿ ಮೂವತ್ತೆಂಟು ಜನ ಇದ್ದೇವೆ, ಒಬ್ಬರಾದ್ರೂ ತೆರೆಯಲಿ. ಯಾರೂ ತೆರೆಯುದಿಲ್ಲ, ನೋಡು ಬೇಕಾದ್ರೆ."

ನಾನು ಯಾರಿಗೂ ಹೇಳಲಿಲ್ಲ. ಗುಟ್ಟು ಕಾಯುವುದಕ್ಕಲ್ಲ, ತಮಾಷೆ ನೋಡುವುದಕ್ಕೆ.

ಅಕ್ಟೋಬರಿನಲ್ಲಿ ಅವಳು ಎಟಿಕೆಟಿ ಪೇಪರ್ ಬರೆದಳು. ವಿಧವೆಯ ಸಾವಿನ ಒಂದೂವರೆ ಪುಟವನ್ನು ಸರ್ ಬರೆಸಿದಂತೆಯೇ, ಅವರ ವ್ಯಾಕರಣದ ತಪ್ಪುಗಳನ್ನೂ ಬಿಡದೆ ಬರೆದು ಬಂದಳು. ಅರವತ್ನಾಲ್ಕು ಅಂಕ ಬಂತು. ನನಗಿಂತ ಮೂರು ಹೆಚ್ಚು. ಅದನ್ನು ನೋಡಿ ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ, ಎರಡು ದಿನ ನನ್ನ ಹತ್ತಿರ ಮಾತನ್ನೂ ಆಡಲಿಲ್ಲ.

ಡಿಸೆಂಬರಿನಲ್ಲಿ ರಿಜಿಸ್ಟರಿನೊಳಗಿಂದ ಅಂಕಲ್ ಹ್ಯೂಬರ್ಟ್ ಹೊರಗೆ ಬಂದ. ಸರ್ ಬರೀ ಬರೆಸಿ ಬಿಡಲಿಲ್ಲ. ಅವರಿಗೆ ಆ ಪಾತ್ರ ಬಹಳ ಹಿಡಿಸಿಬಿಟ್ಟಿತ್ತು. ಇಂಗ್ಲಿಷ್ ಕಾದಂಬರಿಯಲ್ಲೇ ಇಂಥ ಪಾತ್ರ ಅಪರೂಪವೆಂದರು. ಕುರ್ಚಿಯಿಂದ ಎದ್ದು ಕುಂಟುತ್ತ ನಡೆದು ತೋರಿಸಿದರು. ಇಪ್ಪತ್ತು ವರ್ಷಗಳಲ್ಲಿ ಅವರು ಕ್ಲಾಸಿನಲ್ಲಿ ಕುರ್ಚಿ ಬಿಟ್ಟು ಎದ್ದದ್ದು ಅದೇ ಮೊದಲಿರಬೇಕು. ಫೆಬ್ರವರಿಯಲ್ಲಿ ಕಾಲೇಜೇ ನಡೆಸುವ ಪ್ರಿಲಿಮ್ ಪರೀಕ್ಷೆಯಲ್ಲಿ ಅಂಕಲ್ ಹ್ಯೂಬರ್ಟನ ಪಾತ್ರಚಿತ್ರಣಕ್ಕೆ ಇಪ್ಪತ್ತು ಅಂಕದ ಪ್ರಶ್ನೆ. ಮುಕ್ತಾ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಅವನು ಇಲ್ಲವೆಂದು ಗೊತ್ತಿದ್ದ ನಾನೂ ಅವನ ಮೇಲೆ ನಾಲ್ಕು ಪುಟ ಬರೆದೆ. ಅಂಕ ಕೊಡುವವರು ಸರ್ ತಾನೇ.

ಒಬ್ಬರೂ ಪುಸ್ತಕ ತೆರೆಯಲಿಲ್ಲ. ನಿಶ್ಮಿತಾಳಿಗೆ ತನ್ನ ಮಾತು ನಿಜವಾದ ಖುಷಿ ಪ್ರಿಲಿಮ್ ಮುಗಿಯುವವರೆಗೆ ಇತ್ತು. ಆಮೇಲೆ ಅವಳಿಗೆ ಹೆದರಿಕೆ ಹತ್ತಿತು. ಮೂರನೆಯ ವರ್ಷದ್ದು ವಿಶ್ವವಿದ್ಯಾಲಯದ ಪರೀಕ್ಷೆ, ಪೇಪರ್ ನೋಡುವವರು ಹೊರಗಿನವರು.

ಮೊದಲು ಸರ್ ಹತ್ತಿರ ಹೋಗಿ ಹೇಳಿದಳು. ಸರ್ ಮುಖ ಬಿಳಿಚಿಕೊಂಡಿತಂತೆ. ಆಮೇಲೆ, "ಈಗ ಹೇಳಿದರ ನನ್ನ ಮರ್ಯಾದಿ ಏನುಳೀತದ? ಸುಮ್ಮನಿರು. ಅಲ್ಲೆ ಯಾರೂ ಅಷ್ಟು ನೋಡಂಗಿಲ್ಲ," ಎಂದರಂತೆ.

ಓದುವ ರಜೆ ಶುರುವಾಗುವ ಹಿಂದಿನ ದಿನ, ಸರ್ ಹೊರಗೆ ಹೋದಮೇಲೆ, ಅವಳು ಪುಸ್ತಕ ಹಿಡಿದು ಮುಂದೆ ನಿಂತಳು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಎರಡೂ ಭಾಷೆಯಲ್ಲಿ ಹೇಳಿದಳು: ಅಂಕಲ್ ಹ್ಯೂಬರ್ಟ್ ಎಂಬವನಿಲ್ಲ, ನೋಟ್ಸ್ ಬರೆದದ್ದು ನಾನು, ಅವನನ್ನು ಸೇರಿಸಿದ್ದು ನಾನು, ಪರೀಕ್ಷೆಯಲ್ಲಿ ಬರೆಯಬೇಡಿ.

ಹಿಂದಿನ ಬೆಂಚಿನಿಂದ ಒಬ್ಬ "ಜಲ್ತೀ ಹೈ" ಎಂದ. ಹೊಟ್ಟೆಕಿಚ್ಚು ಇವಳಿಗೆ, ಎಂದು. ಎಲ್ಲರೂ ನಕ್ಕರು.

"ಇಲ್ಲಿ ಪುಸ್ತಕ ಉಂಟು," ಎಂದು ಅವಳು ಬೆಂಚುಗಳ ನಡುವೆ ಓಡಾಡಿದಳು. "ಯಾವ ಪುಟದಲ್ಲಿದ್ದಾನೆ, ತೋರಿಸಿ." ಕೈ ಚಾಚಿ ತೆಗೆದುಕೊಂಡವರಿಲ್ಲ.

"ಸರ್ ಅಷ್ಟು ದಿನ ಸುಳ್ಳ ಬರೆಸ್ತಾರೇನ?" ಎಂದು ಮುಕ್ತಾ ಮೆಲ್ಲಗೆ ಕೇಳಿದಳು.

"ಸರ್ ಬರೆಸಿದ್ದು ನಾನು ಬರೆದದ್ದು ಮಾರಾಯ್ತಿ!"

"ಎಟಿಕೆಟಿ ಬಂದಾಕಿ ಕಡೆಯಿಂದ ಸರ್ ನೋಟ್ಸ ಬರೆಸಿಕೊಳ್ತಾರೇನ? ಹುಚ್ಚಿ."

ನಾನು ಅಲ್ಲಿಯೇ ಕೂತಿದ್ದೆ. ಎದ್ದು, ಇವಳು ಹೇಳುವುದು ನಿಜ, ನನಗೆ ಆಗಸ್ಟಿನಿಂದ ಗೊತ್ತು ಎನ್ನಬಹುದಿತ್ತು. ಎನ್ನಲಿಲ್ಲ. ಆ ಕ್ಲಾಸಿನಲ್ಲಿ ನಗೆಪಾಟಲಾಗುವ ಧೈರ್ಯ ನನಗಿರಲಿಲ್ಲ. ಸಂಜೆ ಮಾತ್ರ ನಿಶ್ಮಿತಾಳಿಂದ ಪುಸ್ತಕ ಕೇಳಿ ಪಡೆದು ಮನೆಗೆ ಒಯ್ದೆ. ಒಂಬತ್ತು ದಿನ ಹಿಡಿಯಿತು. ಇಂಗ್ಲಿಷ್ ಸಾಹಿತ್ಯದ ಪದವಿ ಇನ್ನೊಂದು ತಿಂಗಳಲ್ಲಿ ಮುಗಿಯಬೇಕಾಗಿದ್ದ ನಾನು, ಇಪ್ಪತ್ತನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಒಂದು ಇಂಗ್ಲಿಷ್ ಕಾದಂಬರಿಯನ್ನು ಪೂರ್ತಿ ಓದಿದೆ. ಅದು ಚೆನ್ನಾಗಿತ್ತು. ಅದೇ ನನಗೆ ಎಲ್ಲಕ್ಕಿಂತ ನಾಚಿಕೆ ತಂದ ಸಂಗತಿ.

ಮುಕ್ತಾಳಿಗೆ ಫೋನ್ ಮಾಡಿ ಹೇಳಿದೆ. "ಎಲ್ಲಾ ಬಾಯಿಪಾಠ ಆಗೈತಿ ಶ್ರೀವಿದ್ಯಾ," ಎಂದಳು. "ಈಗ ನಡುವಿಂದ ಒಂದನ್ನ ತೆಗೆದರ ಉಳಿದದ್ದೂ ಮರ್ತು ಹೋಗ್ತೈತಿ."

ಜೂನ್‌ನಲ್ಲಿ ಫಲಿತಾಂಶ ಬಂತು. ನಿಶ್ಮಿತಾಳಿಗೆ ಫಸ್ಟ್ ಕ್ಲಾಸ್. ನನಗೆ ಸೆಕೆಂಡ್. ಅಂಕಲ್ ಹ್ಯೂಬರ್ಟನನ್ನು ಬರೆದವರೆಲ್ಲ ಐವತ್ತು, ಐವತ್ತೆರಡು ಎಂದು ಅಂಕ ತೆಗೆದುಕೊಂಡು ಪಾಸಾಗಿದ್ದರು. ಸರ್ ಹೇಳಿದ್ದು ಸುಳ್ಳಾಗಲಿಲ್ಲ. ಅಲ್ಲಿಯೂ ಯಾರೂ ಅಷ್ಟು ನೋಡಿರಲಿಲ್ಲ. ಒಬ್ಬಳ ಉತ್ತರ ಪತ್ರಿಕೆ ಮಾತ್ರ ಆ ಪುಸ್ತಕವನ್ನು ಓದಿದ್ದವರ ಕೈಗೆ ಬಿದ್ದಿತ್ತು. ಅದು ಮುಕ್ತಾಳದು. ಇಪ್ಪತ್ತೊಂಬತ್ತು ಅಂಕ, ಫೇಲು. ಅರ್ಜಿ ಹಾಕಿ ಅವಳು ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿಕೊಂಡಳು. ಅಂಕಲ್ ಹ್ಯೂಬರ್ಟ್ ಎಂದು ಬಂದ ಕಡೆಯೆಲ್ಲ ಕೆಳಗೆ ಗೀಟು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ಒಟ್ಟು ಹನ್ನೊಂದು. ಕೊನೆಯಲ್ಲಿ, ಯಾರಿವನು, ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಬಿ.ಎಡ್. ಸೇರುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಅವಳು ಠಾಣೆಯ ಒಂದು ಮಾಲ್‌ನಲ್ಲಿ ಬಟ್ಟೆ ಮಡಚಿಡುವ ಕೆಲಸಕ್ಕೆ ಸೇರಿದಳು.

ಜುಲೈಯ ಒಂದು ಮಂಗಳವಾರ, ಮುಕ್ತಾಳ ವಾರದ ರಜೆಯ ದಿನ, ನಿಶ್ಮಿತಾ ನನ್ನನ್ನು ಕರೆದುಕೊಂಡು ದಿವಾಕ್ಕೆ ಹೋದಳು. ಸ್ಟೇಷನ್ನಿನಿಂದ ಚಾಳಿನವರೆಗೆ ಕೆಸರಿನಲ್ಲಿ ಇಟ್ಟಿಗೆಗಳ ಮೇಲೆ ಕಾಲಿಡುತ್ತ ನಡೆದೆವು. ಮುಕ್ತಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಮೊರವನ್ನು ಮತ್ತೆ ಎದುರಿಗೆ ಎಳೆದುಕೊಂಡಳು.

"ಯಾಕ ಬಂದಿ?"

"ಅಕ್ಟೋಬರಲ್ಲಿ ಮತ್ತೆ ಪರೀಕ್ಷೆ ಉಂಟಲ್ವಾ. ನಾನು ಓದಿಸ್ತೇನೆ," ಎಂದಳು ನಿಶ್ಮಿತಾ. "ತಪ್ಪು ನನ್ನದು."

ಮುಕ್ತಾ ಅಕ್ಕಿಯಿಂದ ಕಲ್ಲು ಹೆಕ್ಕುತ್ತಲೇ ಇದ್ದಳು. "ಸರ್ ಪುಸ್ತಕಾ ಓದಲಾರದ ಸುಳ್ಳ ಬರೆಸಿದ್ರು. ನೀ ಓದಿ, ಗೊತ್ತಿದ್ದ ಸುಳ್ಳ ಬರೆದಿ. ಸರ್‌ಗಿಂತ ನೀ ಹ್ಯಾಂಗ ದೊಡ್ಡಾಕಿ?"

ನಿಶ್ಮಿತಾ ತಂದಿದ್ದ ಪುಸ್ತಕವನ್ನು ಚೀಲದಿಂದ ತೆಗೆದು ಚಾಪೆಯ ಮೇಲಿಟ್ಟಳು.

"ನಮ್ಮನ್ನ ನೋಡಿ ನಗಾಕ ಬರೆದಿದ್ದಿ. ಹೌದಿಲ್ಲೋ?"

"ಹೌದು."

ನಾನು ಮೂರು ವರ್ಷ ಕಂಡ ನಿಶ್ಮಿತಾಳ ಮುಖ ಅದಾಗಿರಲಿಲ್ಲ. ಎದುರಿಗಿದ್ದವರನ್ನು ನೋಡದೆ ಅವಳು ನೆಲ ನೋಡಿದ್ದನ್ನು ಅಂದೇ ಕಂಡೆ. ಮುಕ್ತಾ ನನ್ನ ಕಡೆಗೂ ತಿರುಗಿದಳು. "ನಿನಗೂ ಮೊದಲ ಗೊತ್ತಿತ್ತೇನ?" ನಾನು ಹೌದೆಂದು ತಲೆಯಾಡಿಸಿದೆ. "ಛೀ," ಎಂದಳು. ಅಷ್ಟೇ. ಅಷ್ಟಕ್ಕಿಂತ ಹೆಚ್ಚಿನ ಮಾತಿಗೆ ನಾನು ಲಾಯಕ್ಕಿರಲಿಲ್ಲ.

ಆಮೇಲೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. "ಪ್ರತಿ ಮಂಗಳವಾರ ಬಾ. ತಪ್ಪಿಸಬ್ಯಾಡ."

ನಿಶ್ಮಿತಾ ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಹನ್ನೊಂದು ವಾರ. ಮುಕ್ತಾ ಒಂದು ಪುಟ ಗಟ್ಟಿಯಾಗಿ ಓದುವುದು, ಓದಿದ್ದನ್ನು ಪುಸ್ತಕ ಮುಚ್ಚಿ ತನ್ನ ಕನ್ನಡದಲ್ಲಿ ಹೇಳುವುದು, ಆಮೇಲೆ ಮುಂದಿನ ಪುಟ. ಮೊದಮೊದಲು ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ನಾನೂ ಮೂರು ನಾಲ್ಕು ಸಲ ಹೋದೆ. ಆರನೆಯ ವಾರವೋ ಏಳನೆಯದೋ, ಮುಕ್ತಾ ಪುಸ್ತಕವನ್ನು ಚಾಪೆಯ ಮೇಲೆ ಬೋರಲು ಹಾಕಿದಳು.

"ಈ ಅಕ್ಕತಂಗೇರು ಬರೇ ಅಳ್ತಾರ, ಪತ್ರಾ ಬರೀತಾರ, ಕಿಟಕ್ಯಾಗ ನಿಂದರ್ತಾರ. ಇವರ ಮನ್ಯಾಗ ನೀರು ಯಾರು ತುಂಬ್ತಾರ?"

"ಎಂತ?"

"ಮೂರ ಮಾಳಗಿ ಮನಿ ಅಂತ ಬರದಾನ. ನಳ ಇಲ್ಲ. ದಿನಾ ಜಳಕಾ ಮಾಡ್ತಾರ. ನೀರು ಮ್ಯಾಲೆ ಹೊತ್ತಾಕಿ ಯಾರು?"

ನಿಶ್ಮಿತಾ ಪುಸ್ತಕ ತಿರುಗಿಸಿ ಹುಡುಕಿದಳು. ಐವತ್ತೇಳನೆಯ ಪುಟದಲ್ಲಿ ಒಬ್ಬ ಕೆಲಸದವಳಿದ್ದಳು. ಹೆಸರಿಲ್ಲ. ಬಾಗಿಲು ತೆರೆದಳು ಎಂದು ಒಂದು ವಾಕ್ಯ. ಮುನ್ನೂರು ಪುಟದಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟೇ.

"ನಾನು ಮೂರು ಸಲ ಓದಿದ್ದೇನೆ," ಎಂದಳು ನಿಶ್ಮಿತಾ. "ಇವಳನ್ನು ನೋಡ್ಲೇ ಇಲ್ಲ."

"ನಿಮ್ಮನ್ಯಾಗ ನಳ ಐತಿ, ಅದಕ್ಕ," ಎಂದು ಮುಕ್ತಾ ಮುಂದಿನ ಪುಟಕ್ಕೆ ಹೋದಳು.

ಅಕ್ಟೋಬರಿನ ಪರೀಕ್ಷೆಯಲ್ಲಿ ಅವಳು ಆ ಕೆಲಸದವಳ ಬಗ್ಗೆಯೇ ಬರೆದಳು, ತಪ್ಪು ತಪ್ಪಾದ ಇಂಗ್ಲಿಷಿನಲ್ಲಿ, ಯಾವ ನೋಟ್ಸೂ ಇಲ್ಲದೆ. ಐವತ್ತೊಂದು ಬಂತು. ಮರುವರ್ಷ ಬಿ.ಎಡ್. ಸೇರಿ ಮುಗಿಸಿದಳು. ಈಗ ದಿವಾದ ಒಂದು ಖಾಸಗಿ ಶಾಲೆಯಲ್ಲಿ ಆರು, ಏಳನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತಾಳೆ.

ಮುರಾರಿ ಸರ್ 2013ರಲ್ಲಿ ನಿವೃತ್ತರಾದರು. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಅದಕ್ಕೂ ಎರಡು ವರ್ಷ ಮೊದಲು ಆ ನಲವತ್ತೆರಡು ಪುಟಗಳನ್ನು ತಮ್ಮ ಹೆಸರಿನಲ್ಲಿ ಗೈಡಾಗಿ ಅಚ್ಚು ಹಾಕಿಸಿದ್ದರು, ಹ್ಯೂಬರ್ಟನನ್ನೂ ಸೇರಿಸಿಯೇ. ಕಲ್ಯಾಣ ಸ್ಟೇಷನ್ನಿನ ಹೊರಗೆ ಅದನ್ನು ಕಂಡ ನಿಶ್ಮಿತಾ ಪ್ರಕಾಶಕರಿಗೆ ಪತ್ರ ಬರೆದಳು, ತಪ್ಪಿನ ಹೊಣೆ ತನ್ನದೆಂದೂ ಸೇರಿಸಿ. ಉತ್ತರ ಬರಲಿಲ್ಲ. ಎರಡನೆಯ ಮುದ್ರಣ ಬಂತು.

ನನ್ನ ವಿಷಯ ಹೇಳುವಂಥದ್ದೇನಿಲ್ಲ. ಘೋಡಬಂದರ್ ರೋಡಿನ ಬಿಲ್ಡರ್ ಒಬ್ಬರ ಆಫೀಸಿನಲ್ಲಿ ಕುಳಿತು ಫ್ಲ್ಯಾಟುಗಳ ವರ್ಣನೆ ಬರೆಯುತ್ತೇನೆ. ಗಟಾರದ ಪಕ್ಕದ ಕಟ್ಟಡವನ್ನು ಜಲತೀರದ ನೆಮ್ಮದಿ ಎಂದು ಇಂಗ್ಲಿಷಿನಲ್ಲಿ ಬರೆಯಲು ಪದವಿ ಬೇಕಾಗುತ್ತದೆ.

ನಿಶ್ಮಿತಾ ಎಂ.ಎ. ಮಾಡಿದಳು. ಖಾರಘರದ ಒಂದು ಜೂನಿಯರ್ ಕಾಲೇಜಿನಲ್ಲಿ ವರ್ಷ ವರ್ಷದ ಕರಾರಿನ ಮೇಲೆ ಪಾಠ ಮಾಡುತ್ತಾಳೆ. ನೋಟ್ಸ್ ಕೊಡುವುದಿಲ್ಲ. ಮೇಡಂ ನೋಟ್ಸ್ ಕೊಡುವುದಿಲ್ಲವೆಂದು ವಿದ್ಯಾರ್ಥಿಗಳು, ಅವರ ತಂದೆತಾಯಿಗಳು ಪ್ರಿನ್ಸಿಪಾಲರಿಗೆ ದೂರು ಕೊಡುತ್ತಾರೆ. ಏಪ್ರಿಲ್‌ನಲ್ಲಿ ಅವಳನ್ನು ತೆಗೆಯುತ್ತಾರೆ. ಜುಲೈ ಹೊತ್ತಿಗೆ ಆ ಸಂಬಳಕ್ಕೆ ಬೇರೆ ಯಾರೂ ಸಿಗದೆ ಮತ್ತೆ ಕರೆಯುತ್ತಾರೆ. ಹೋಟೆಲ್ ಬಿಟ್ಟ ಚೆನ್ನಯನವರು ಅವಳ ಜೊತೆಗೇ ಇದ್ದಾರೆ. ಪ್ರತಿ ಏಪ್ರಿಲ್‌ನಲ್ಲೂ, "ಕರೀತಾರೆ ಮಗಾ, ಕರೀದೆ ಎಲ್ಲಿಗೆ ಹೋಗ್ತಾರೆ," ಎನ್ನುತ್ತಾರೆ.

2018ರ ಮಳೆಗಾಲದಲ್ಲಿ ಅವಳನ್ನು ನೋಡಲು ಹೋಗಿದ್ದೆ. ಸ್ಟಾಫ್ ರೂಮಿನಲ್ಲಿ ಕುಳಿತು ನನ್ನ ಕೆಲಸದ ಬಗ್ಗೆ ಕೇಳಿದಳು, ನಾನು ಹೇಳಿದೆ, ಅವಳ ತುಟಿ ಹಳೆಯ ಹಾಗೆಯೇ ಒಂದು ಬದಿಗೆ ಹೋಯಿತು. ಅಷ್ಟರಲ್ಲಿ ಒಬ್ಬ ಹುಡುಗಿ ಬಂದು ಅವಳ ಮೇಜಿನ ಮೇಲೆ ಒಂದು ಪುಸ್ತಕವನ್ನು ತುಸು ಜೋರಾಗಿಯೇ ಇಟ್ಟಳು.

"ಮೇಡಂ, ಬಹುತ್ ಬೋರಿಂಗ್ ಹೈ. ನನ್ನಿಂದ ಆಗಲ್ಲ."

"ಎಷ್ಟನೇ ಪುಟದವರೆಗೆ ಓದಿದ್ದು?"

"ನೂರಾ ಹನ್ನೆರಡು."

ನಿಶ್ಮಿತಾ ಕುರ್ಚಿಯಲ್ಲಿ ನೆಟ್ಟಗಾದಳು. ನಾನು ಕೂತಿದ್ದ ಕುರ್ಚಿಯನ್ನು ಆ ಹುಡುಗಿಗೆ ಬಿಟ್ಟುಕೊಡುವಂತೆ ನನಗೆ ಕೈಸನ್ನೆ ಮಾಡಿದಳು. "ಕೂತುಕೋ," ಎಂದು ಅವಳಿಗೆ ಹೇಳಿದಳು. "ಎಲ್ಲಿ ಬೋರಾಯ್ತು, ತೋರಿಸು."

ಅರ್ಧ ಗಂಟೆ ಅವರಿಬ್ಬರೂ ಆ ಪುಸ್ತಕಕ್ಕೆ ಬೈಯುತ್ತ ಕೂತರು. ನಾನು ಕಿಟಕಿಯ ಪಕ್ಕ ನಿಂತು ಮಳೆ ನಿಲ್ಲುವುದನ್ನು ಕಾದೆ. ಆಮೇಲೆ ಹೇಳದೆಯೇ ಹೊರಟು ಸ್ಟೇಷನ್ನಿನ ಬಸ್ ಹತ್ತಿದೆ.